ರಾಚವ್ವನ ರೊಟ್ಟಿ ಕಾರಿನ ಹೀಟರ್

ರಾಚವ್ವನಿಗೆ ಸಿಟ್ಟು ಬಂದಿದೆ ಎಂಬ ಸುದ್ದಿ ಬೈಲಹೊಂಗಲದ ಬಜಾರಿನ ಈ ತುದಿಯಲ್ಲಿ ಹುಟ್ಟಿದರೆ, ಆ ತುದಿಯ ಅಂಗಡಿಕಾರರು ತಮ್ಮದೇನೂ ತಪ್ಪಿಲ್ಲದಿದ್ದರೂ ಅರ್ಧ ಶಟರ್ ಇಳಿಸುತ್ತಾರೆ. ಆಕೆಯ ಸಿಟ್ಟಿಗೆ ಒಲೆಯ ಮೇಲಿನ ಹಾಲು ಉರಿಯಿಲ್ಲದೆಯೇ ಉಕ್ಕಿದ್ದನ್ನು ಕಂಡವರಿದ್ದಾರೆ. ಓಣಿಯ ಟ್ರಾನ್ಸ್‌ಫಾರ್ಮರ್ ಒಮ್ಮೆ ಹೆದರಿ ತಾನಾಗಿಯೇ ಬಂದ್ ಆಯಿತು ಎಂದು ಆಣೆ ಮಾಡುವವರೂ ಇದ್ದಾರೆ. ಇದರಲ್ಲಿ ಮುಕ್ಕಾಲು ಸುಳ್ಳೆಂದು ಬಿಟ್ಟರೂ, ಹೋದ ಮಳೆಗಾಲದಲ್ಲಿ ಒಂದು ಹಳೇ ಕಾರಿನ ಸಲುವಾಗಿ ಆಕೆ ಪಟ್ಟ ಸಿಟ್ಟು ಮಾತ್ರ ಪೂರಾ ಖರೆ.

ರಾಚವ್ವ ಹುಟ್ಟಿದ್ದು ಸಂಪಗಾಂವದಲ್ಲಿ. ಮದುವೆಯಾಗಿ ಬೈಲಹೊಂಗಲಕ್ಕೆ ಬರುವಾಗ ತಂದದ್ದು ಒಂದು ಕಬ್ಬಿಣದ ಹಂಚು ಮತ್ತು ಎರಡು ಅಂಗೈ. ಆ ಅಂಗೈಗಳಲ್ಲಿ ತಟ್ಟಿದ ಜೋಳದ ರೊಟ್ಟಿಯನ್ನು ಕಣ್ಣಿಗೆ ಹಿಡಿದುಕೊಂಡು ಅದರ ಮೂಲಕ ಪೇಪರ್ ಓದಬಹುದು, ಸಣ್ಣಕ್ಷರದ ಜಾಹೀರಾತು ಬಿಟ್ಟು. ಬಿಸಿ ರೊಟ್ಟಿ ಯಾರಾದರೂ ಮಾಡುತ್ತಾರೆ. ರಾಚವ್ವನ ಹೆಸರಿರುವುದು ಖಡಕ್ ರೊಟ್ಟಿಗೆ. ಬೇಯಿಸಿ, ಕೆಂಡದ ಮಗ್ಗುಲಲ್ಲಿ ನಿಲ್ಲಿಸಿ ಒಣಗಿಸಿ, ಬಿಳೀ ಧೋತರದಲ್ಲಿ ಸುತ್ತಿ ಬುಟ್ಟಿಗೆ ಹಾಕಿದ ರೊಟ್ಟಿ. ಮುರಿದರೆ ಕಟಕ್ ಅನ್ನಬೇಕು. ಬಾಗಿದರೆ ಅದು ರೊಟ್ಟಿಯಲ್ಲ, ಒದ್ದೆ ಟಾವೆಲ್. ಪ್ಲಾಸ್ಟಿಕ್ ಪಾಕೀಟಿನ ಹೆಸರು ತೆಗೆದರೆ ಆಕೆಗೆ ಮೈಯೆಲ್ಲ ಉರಿ. ಪ್ಲಾಸ್ಟಿಕ್ಕಿನಲ್ಲಿ ರೊಟ್ಟಿ ಬೆವರುತ್ತದೆ ಎಂಬುದು ಆಕೆಯ ದೂರು.

ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಶುಕ್ರವಾರ, ಆಕೆಯ ರೊಟ್ಟಿ ಸವದತ್ತಿ ದಾಟಿ ಕಟಕೋಳದ ಮೇಲೆ ಹಾದು ರಾಮದುರ್ಗದ ಪರಸಪ್ಪನ ಖಾನಾವಳಿಗೆ ಹೋಗುತ್ತದೆ. ಮೊದಮೊದಲು ಬಾಡಿಗೆ ಟೆಂಪೋದವರು ಒಯ್ಯುತ್ತಿದ್ದರು. ಅವರು ಬುಟ್ಟಿಯ ಮೇಲೆ ಸಿಮೆಂಟ್ ಚೀಲ ಇಟ್ಟರು, ಚೀಲದ ಮೇಲೆ ತಾವು ಕೂತರು. ಸಿಟ್ಟಿಗೆದ್ದ ರಾಚವ್ವ ಐವತ್ತು ದಾಟಿದ ಮೇಲೆ ತಾನೇ ಡ್ರೈವಿಂಗ್ ಕಲಿತಳು. ಟೆಸ್ಟ್ ತೆಗೆದುಕೊಂಡ ಸಾಹೇಬರು ಕಾರಿನಿಂದಿಳಿದು, ತಮ್ಮ ಬೈಕನ್ನು ಅಲ್ಲೇ ಬಿಟ್ಟು, ಮನೆಗೆ ನಡೆದುಕೊಂಡೇ ಹೋದರಂತೆ. ಆ ಮೇಲೆ ಬೆಳಗಾವಿಯ ಡಾಕ್ಟರೊಬ್ಬರು ಓಡಿಸಿ ದಣಿಸಿದ್ದ ಬೂದಿ ಬಣ್ಣದ ಡೀಸೆಲ್ ಕಾರೊಂದನ್ನು ಕೊಂಡಳು.

ಹೀಟರಿನ ಗುಣ ಗೊತ್ತಾದದ್ದು ಆ ಕಾರಿನ ಮೊದಲನೇ ಮಳೆಗಾಲದಲ್ಲಿ. ಜಿಟಿಜಿಟಿ ಮಳೆ, ಮೇಲೆ ಸವದತ್ತಿ ಡ್ಯಾಮಿನ ಹಸಿ ಗಾಳಿ. ಅಂಥ ಗಾಳಿಗೆ ಖಡಕ್ ರೊಟ್ಟಿ ಏನು, ಕಲ್ಲೂ ಮೆತ್ತಗಾಗುತ್ತದೆ. ಪಕ್ಕದಲ್ಲಿ ಕೂತಿದ್ದ ಗಂಡ ನಿಜಗುಣಪ್ಪ ಏನೋ ತಿರುವಲು ಹೋಗಿ ಕೆಂಪು ಬಣ್ಣದ ಕಡೆ ಬಟನ್ ತಿರುವಿಬಿಟ್ಟ. ಬಿಸಿ ಗಾಳಿ ಬುಸ್ ಅಂತ ಬಂತು. ರಾಮದುರ್ಗ ಮುಟ್ಟುವಷ್ಟರಲ್ಲಿ ನಿಜಗುಣಪ್ಪನ ಶರ್ಟು ಚರ್ಮಕ್ಕೆ ಅಂಟಿತ್ತು, ಆದರೆ ರೊಟ್ಟಿ ಮಾತ್ರ ಈಗ ತಾನೇ ಹಂಚಿನಿಂದ ಇಳಿದಂತೆ ಕಟಕಟ ಅನ್ನುತ್ತಿತ್ತು. ಅಂದಿನಿಂದ ಮಳೆಗಾಲ ಪೂರ್ತಿ ಕಿಟಕಿ ಬಂದ್, ಹೀಟರ್ ಫುಲ್. ಆ ಕಾರಿಗೆ ಬೈಲಹೊಂಗಲದಲ್ಲಿ ಹಸಿಮೆಣಸಿನಕಾಯಿ ಹಾಕಿದರೆ ರಾಮದುರ್ಗದಲ್ಲಿ ಬ್ಯಾಡಗಿಯಾಗಿ ಇಳಿಯುತ್ತಿತ್ತು. ನಿಜಗುಣಪ್ಪನೂ ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪ ಒಣಗುತ್ತ ಬಂದ. ಬುಟ್ಟಿ ಹೊರಲು ಆತ ಬೇಕಿತ್ತು, ಆದ್ದರಿಂದ ಬಿಡುಗಡೆಯಿರಲಿಲ್ಲ.

ಹೋದ ಮಳೆಗಾಲದ ಶುರುವಿನಲ್ಲಿ ಮುಂದಿನ ಗಾಜು ಒಳಗಿನಿಂದ ಮಬ್ಬಾಗತೊಡಗಿತು. ಒರೆಸಿದರೆ ಕೈಗೆ ಅಂಟಂಟು. ನಿಜಗುಣಪ್ಪನ ಕಾಲಡಿಯ ಮ್ಯಾಟ್ ಒದ್ದೆ. ಕಾರಿನೊಳಗೆ ಸಿಹಿ ವಾಸನೆ.

ಪರಸಪ್ಪ ಕೆಳಗಿನ ಬುಟ್ಟಿಯ ರೊಟ್ಟಿ ಮೂಸಿ ಕೇಳಿದ, "ಏನ್ರಿ ರಾಚವ್ವಾರ, ಹಿಟ್ಟಿನ್ಯಾಗ ಸಕ್ಕರಿ ಕಲಸೀರೇನು? ರೊಟ್ಟಿ ಮಾಡಾಕ ಹೋಗಿ ಬಿಸ್ಕೀಟ್ ಮಾಡೀರಿ."

ರಾಚವ್ವ ಆ ಬುಟ್ಟಿಯನ್ನು ಪೂರ್ತಿ ವಾಪಸ್ ತಂದು, ಎಮ್ಮೆಗೂ ಹಾಕಗೊಡದೆ ಗುಂಡಿ ತೋಡಿ ಹುಗಿದಳು. ಮರುದಿನ ಕಾರನ್ನು ಸವದತ್ತಿ ರೋಡಿನ ಇಮಾಮಸಾಬನ ಗ್ಯಾರೇಜಿಗೆ ತಂದು ನಿಲ್ಲಿಸಿದಳು.

ಇಮಾಮಸಾಬ ಮ್ಯಾಟಿಗೆ ಬೆರಳು ಅದ್ದಿ ಮೂಸಿದ. "ಹೀಟರ್ ಕಾಯಿಲ್ ಸೋರಾಕ ಹತ್ತೈತ್ರಿ ಅಕ್ಕಾರ. ಡ್ಯಾಶ್‌ಬೋರ್ಡಿನ ಹೊಟ್ಟ್ಯಾಗ ಒಂದು ಸಣ್ಣ ರೇಡಿಯೇಟರ್ ಇರತೈತಿ. ಇಂಜಿನ್ನಿನ ಬಿಸಿನೀರು ಅದರಾಗ ಹಾದು ಹೋಗತೈತಿ, ಹಿಂದಿಂದ ಫ್ಯಾನ್ ಗಾಳಿ ಊದತೈತಿ. ಅದು ತೂತ ಬಿದ್ದೈತಿ. ನೀರಿನ್ಯಾಗಿನ ಕೂಲಂಟು ಸಿಹಿ ವಾಸನಿ ಬಡೀತೈತಿ."

"ಸರಿ ಮಾಡು. ಶುಕ್ರವಾರ ರಾಮದುರ್ಗಕ್ಕ ಹೋಗಬೇಕು," ಎಂದು ಹೇಳಿ ಗಂಡನನ್ನು ಅಲ್ಲೇ ಕೂರಿಸಿ ರಾಚವ್ವ ಮನೆಗೆ ಬಂದಳು. ಆಕೆಯ ಜನ್ಮದಲ್ಲಿ ಆಕೆ ಮಾಡಿದ ಒಂದೇ ತಪ್ಪು ಎಂದರೆ ಅದು.

ಸಂಜೆ ಕಾರು ಮನೆಗೆ ಬಂತು. ಮ್ಯಾಟ್ ಒಣಗಿತ್ತು, ವಾಸನೆ ಹೋಗಿತ್ತು. "ಒಂದ ಹನಿ ಸೋರಿದ್ರ ನನ್ನ ಮೀಸಿ ಬೋಳಸ್ರಿ ಅಂದಾನ ಇಮಾಮಸಾಬ," ಎಂದು ನಿಜಗುಣಪ್ಪ ವರದಿ ಒಪ್ಪಿಸಿದ. ಮಾತು ಸುಳ್ಳಲ್ಲ. ಒಂದು ಹನಿಯೂ ಸೋರಲಿಲ್ಲ.

ಶುಕ್ರವಾರ ಮಳೆ ಹಿಡಿದಿತ್ತು. ರಾಚವ್ವ ಹೀಟರ್ ತಿರುವಿದಳು, ತಣ್ಣನೆ ಗಾಳಿ ಬಂತು. ಇಂಜಿನ್ ಕಾಯಲಿ ಎಂದು ತಾಳಿದಳು. ಸವದತ್ತಿ ಬಂತು, ಗಾಳಿ ಇನ್ನೂ ತಣ್ಣಗೆ. ಡ್ಯಾಮಿನ ಕಡೆಯಿಂದ ಹಸಿ ಗಾಳಿ ನುಗ್ಗಿ ಬುಟ್ಟಿಗಳ ಮೇಲೆ ಅಂಗಾತ ಮಲಗಿತು. ಪಕ್ಕದಲ್ಲಿ ನಿಜಗುಣಪ್ಪ, ಹೊಸದಾಗಿ ಮದುವೆಯಾದವನಂತೆ ಮುಖ ಅರಳಿಸಿ, "ಆಹಾ, ಎಂಥಾ ತಂಪು ಹವಾ!" ಅಂದ. ರಾಚವ್ವ ಆತನನ್ನು ಒಮ್ಮೆ ನೋಡಿದಳು. ಆಮೇಲೆ ಆತ ಹವಾಮಾನದ ಬಗ್ಗೆ ಮಾತಾಡಲಿಲ್ಲ.

ಪರಸಪ್ಪನದೊಂದು ಪದ್ಧತಿ. ಆತನ ಎಡಗಿವಿ ಮಂದ. ಬಲಗಿವಿಯನ್ನು ಆತ ರೊಟ್ಟಿಗೆಂದೇ ಮೀಸಲಿಟ್ಟಿದ್ದಾನೆ. ಬುಟ್ಟಿ ಇಳಿಸುವ ಮೊದಲು ಒಂದು ರೊಟ್ಟಿ ತೆಗೆದು ಬಲಗಿವಿಯ ಹತ್ತಿರ ಹಿಡಿದು ಮುರಿಯುತ್ತಾನೆ. ಸಪ್ಪಳ ಬಂದರೆ "ಇಳಸ್ರಿ" ಅನ್ನುತ್ತಾನೆ. ಅಂದು ಕಿವಿಯ ಹತ್ತಿರ ಹಿಡಿದು ಒತ್ತಿದ. ಸಪ್ಪಳವಿಲ್ಲ. ಇನ್ನಷ್ಟು ಒತ್ತಿದ. ರೊಟ್ಟಿ ನಮಸ್ಕಾರ ಮಾಡುವವರಂತೆ ಬಗ್ಗಿತು. ಉಣ್ಣುತ್ತಿದ್ದವರು ಕೈತುತ್ತು ಅಲ್ಲೇ ಹಿಡಿದು ನೋಡಿದರು. ಪರಸಪ್ಪ ಆ ರೊಟ್ಟಿಯನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ.

"ಛಲೋ ಒಪ್ಪತೈತಿ ನೋಡ್ರಿ. ಅಂಚಿಗೊಂದು ಜರಿ ಹಚ್ಚಿಸಿದ್ರ ಶಲ್ಯಾ ಅಂತ ಮದುವ್ಯಾಗ ಹೊದಸಬಹುದು."

ಖಾನಾವಳಿ ಇಡೀ ನಕ್ಕಿತು. ರಾಚವ್ವ ನಗಲಿಲ್ಲ.

"ನೋಡ್ರಿ," ಪರಸಪ್ಪ ದನಿ ಇಳಿಸಿದ, "ಸುರೇಬಾನದಾಗ ಮಷೀನ್ ರೊಟ್ಟಿ ಬಂದಾವ. ಪಾಕೀಟಿನ್ಯಾಗ ಇರತಾವ, ಮಳಿ ಬರ್ಲಿ, ಮಂಜ ಬೀಳ್ಲಿ. ಸೋಮವಾರ ನಿಮ್ಮ ರೊಟ್ಟಿ ಸಪ್ಪಳ ಮಾಡಿದ್ರ ಮುಂದೂ ನಿಮ್ಮವು. ಮಾಡಲಿಲ್ಲಂದ್ರ ನೀವು ಇಷ್ಟ ದೂರ ಬರೂದು ಬ್ಯಾಡ್ರಿ."

ತನ್ನ ಕೈಗೂ ಮಷೀನಿಗೂ ಹೋಲಿಕೆ! ರಾಚವ್ವ ಹೊರಗೆ ಬಂದು, ಸುರಿಯುವ ಮಳೆಯಲ್ಲೇ ಬಾನೆಟ್ ಎತ್ತಿದಳು. ಇಂಜಿನ್ನಿನಿಂದ ಕಾರಿನೊಳಕ್ಕೆ ಹೋಗಬೇಕಾದ ಎರಡು ರಬ್ಬರ್ ಪೈಪುಗಳು ಒಳಗೆ ಹೋಗಿರಲೇ ಇಲ್ಲ. ಒಂದರ ಬಾಯಿಗೆ ಇನ್ನೊಂದರ ಬಾಯಿ ಜೋಡಿಸಿ ಕ್ಲಿಪ್ಪು ಬಿಗಿದಿದ್ದರು. ಬಿಸಿನೀರು ಹೀಟರಿಗೆ ಮುಖವನ್ನೂ ತೋರಿಸದೆ ಹೊರಗಿಂದ ಹೊರಗೇ ತಿರುಗಿ ಹೋಗುತ್ತಿತ್ತು.

"ಏನ್ರಿ ಇದು?"

"ಅದು... ಬೈಪಾಸ್ ಅಂತಾರ," ಎಂದ ನಿಜಗುಣಪ್ಪ. "ಇಮಾಮಸಾಬ ಮಾಡ್ಯಾನ."

"ನೀವು ಎಲ್ಲಿದ್ರಿ ಆವಾಗ?"

"ಅಲ್ಲೇ ಇದ್ದೆ. ಮಾಡಲೇನ್ರಿ ಅಂತ ಕೇಳಿದ. ಹೂಂ ಅಂದೆ. ನನಗೂ ಮನಷ್ಯಾನ ಜೀವ ಐತಿ. ಎಷ್ಟ ವರ್ಷ ಅಂತ ಸಂಡಿಗಿಗತೆ ಒಣಗಲಿ?"

ರಾಚವ್ವ ಬಾನೆಟ್ ಮುಚ್ಚಿದಳು. ರಾಮದುರ್ಗದಿಂದ ಬೈಲಹೊಂಗಲದವರೆಗೆ ಒಂದು ಮಾತಾಡಲಿಲ್ಲ. ಆ ಮೌನಕ್ಕೆ ಕಟಕೋಳದ ಹತ್ತಿರ ಮಳೆ ತಾನಾಗಿಯೇ ನಿಂತಿತು. ಎದುರು ಬಂದ ಲಾರಿಗಳು ಹಾರ್ನ್ ಹೊಡೆಯದೆ ಹೊಲಕ್ಕೆ ಇಳಿದು ದಾರಿ ಕೊಟ್ಟವು.

ಶನಿವಾರ ಬೆಳಗ್ಗೆ ಇಮಾಮಸಾಬ ಟ್ರ್ಯಾಕ್ಟರೊಂದರ ಕೆಳಗೆ ಮಲಗಿದ್ದ. ಕಾಲು ಮಾತ್ರ ಹೊರಗಿದ್ದವು. "ಇಮಾಮಸಾಬಾ!" ಎಂಬ ಕೂಗಿಗೆ ಆ ಕಾಲುಗಳೂ ಒಳಗೆ ಹೋದವು.

"ಹೊರಗ ಬರ್ತಿಯೋ, ನಾನs ಒಳಗ ಬರ್ಲೋ?"

"ಬಂದೆ ಅಕ್ಕಾರ, ಬಂದೆ. ಮತ್ತ ಸೋರಿತೇನು?"

"ಸೋರಿಲ್ಲ. ಸೋರೂದೂ ನಿಂತೈತಿ, ಬಿಸೀನೂ ನಿಂತೈತಿ. ಪೈಪಿಗೆ ಪೈಪ್ ಗಂಟ ಹಾಕು ಅಂತ ನಾ ಹೇಳಿದ್ನೇನು?"

ಇಮಾಮಸಾಬನ ಕಣ್ಣು ನಿಜಗುಣಪ್ಪನನ್ನು ಹುಡುಕಿದವು. ನಿಜಗುಣಪ್ಪ ರಸ್ತೆಯ ಆಚೆಯ ಬೋರ್ಡು ಓದುತ್ತಿದ್ದ.

"ಅಕ್ಕಾರ, ಈ ನಾಕೂ ತಾಲೂಕಿನ್ಯಾಗ ಹೀಟರ್ ಹಚ್ಕೊಂಡು ಗಾಡಿ ಹೊಡಿಯೋ ಒಬ್ಬ ಮನಷ್ಯಾನ್ನ ತೋರಸ್ರಿ! ಇಲ್ಲಿ ಬ್ಯಾಸಗ್ಯಾಗ ಸೀಟಿನ ಮ್ಯಾಲ ತತ್ತಿ ಇಟ್ರ ಇಳಿಯೂದ್ರಾಗ ಮರಿ ಆಗತಾವ. ಹೀಟರ್ ಸೋರಿತಂದ್ರ ಬೈಪಾಸ್ ಮಾಡೂದು. ನಮ್ಮ ಉಸ್ತಾದೂ ಹಂಗs ಮಾಡತಿದ್ರು, ನಾನೂ ಹಂಗs ಮಾಡತೇನಿ. ಇದನ್ನ ಯಾರಾದ್ರೂ ಕೇಳಿ ಮಾಡತಾರೇನ್ರಿ? ನಿಮಗ ಉಪಕಾರ ಆಗ್ಲಿ ಅಂತ ಮಾಡೇನಿ."

"ನಾ ರಿಪೇರಿ ಕೇಳಿದ್ದೆ. ಉಪಕಾರ ಕೇಳಿದ್ದಿಲ್ಲ." ರಾಚವ್ವ ಚೀಲದಿಂದ ನಿನ್ನೆಯ ರೊಟ್ಟಿಯೊಂದನ್ನು ತೆಗೆದು ಆತನ ಕೈಗೆ ಕೊಟ್ಟಳು. "ಮುರಿ."

ಇಮಾಮಸಾಬ ಮುರಿಯಲು ನೋಡಿದ. ಅದು ಮಡಚಿತು. ಮತ್ತೆ ನೋಡಿದ. ನಾಲ್ಕು ಮಡಿಕೆಯಾಯಿತು.

"ಕಿಸೇದಾಗ ಇಟ್ಕೊ. ಮುಖ ಒರಸ್ಕೊಳ್ಳಾಕ ಆಕೈತಿ." ರಾಚವ್ವನ ದನಿ ಏರಿತು. "ಹೀಟರ್ ನನಗಲ್ಲೋ ಬೇಕಾಗಿದ್ದು, ಇದಕ್ಕ! ನಾ ಬೆವರಿದ್ರ ನಡೀತೈತಿ. ರೊಟ್ಟಿ ಬೆವರಬಾರದು."

"ಇದನ್ನ ಮೊದಲs ಹೇಳಬೇಕಿಲ್ಲೇನ್ರಿ?"

"ನೀ ಮೊದಲs ಕೇಳಬೇಕಿಲ್ಲೇನು?"

ಈಗ ಇಮಾಮಸಾಬನಿಗೂ ಸಿಟ್ಟು ಬಂತು. "ಹೊಸಾ ಕಾಯಿಲ್ ಕೂಡಸೂದಂದ್ರ ಏನಂತ ತಿಳದೀರಿ? ಸ್ಟೇರಿಂಗ್ ಬಿಚ್ಚಬೇಕು, ಮೀಟರ್ ಬಿಚ್ಚಬೇಕು, ಡ್ಯಾಶ್‌ಬೋರ್ಡ್ ಪೂರಾ ಕಿತ್ತು ಹೊರಗಿಡಬೇಕು. ಸಾವಿರ ವೈರ್ ಇರತಾವ. ನನ್ನ ಜನ್ಮದಾಗ ನಾ ಇದನ್ನ ಮಾಡಿಲ್ಲ."

"ಮಾಡಿಲ್ಲೋ, ಬರೂದಿಲ್ಲೋ?"

ಗ್ಯಾರೇಜಿನ ಹಿಂದೆಯೇ ಇಮಾಮಸಾಬನ ಮನೆ. ಆತನ ಹೆಂಡತಿ ಶಾಹಜಾನಬಿ ಈ ಗದ್ದಲ ಕೇಳಿ ಚಹಾದ ಕಪ್ಪು ಹಿಡಿದು ಹೊರಗೆ ಬಂದಿದ್ದಳು. "ಖರೇ ಹೇಳಿಬಿಡ್ರಿ, ಬರೂದಿಲ್ಲ ಅಂತ," ಎಂದು ಆಕೆ ಗಂಡನಿಗೆ ತಣ್ಣಗೆ ಹೇಳಿದಳು.

"ಬರೂದಿಲ್ಲ ಅಂತ ಯಾರಂದ್ರು?" ಇಮಾಮಸಾಬ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಬಡಿದ. "ತಗೀರಿ ಕಾರು ಒಳಗ!"

ರಾಚವ್ವ ಈ ಸಲ ಮನೆಗೆ ಹೋಗಲಿಲ್ಲ. ಹಿಟ್ಟು, ಹಂಚು, ಒಲೆ ತರಿಸಿ ಗ್ಯಾರೇಜಿನ ಎದುರಿನ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಹೂಡಿಬಿಟ್ಟಳು. "ನೀ ಬಿಚ್ಚು, ನಾ ಬಡೀತೇನಿ. ನನ್ನ ಕಣ್ಣ ಮುಂದ ಆಗಬೇಕು." ಆಚೆ ಇಮಾಮಸಾಬ ಸ್ಕ್ರೂ ತೆಗೆದರೆ ಈಚೆ ರಾಚವ್ವ ರೊಟ್ಟಿ ಬಡಿದಳು. ಆ ಬಡಿತದ ಜೋರಿಗೆ ಕೆಲವು ಸ್ಕ್ರೂಗಳು ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ಸಡಿಲಾದವು. ಶಾಹಜಾನಬಿ ಸೆರಗು ಸಿಕ್ಕಿಸಿ ಹಿಟ್ಟು ನಾದಲು ಕೂತಳು. ಡ್ಯಾಶ್‌ಬೋರ್ಡ್ ಹೊರಗೆ ಬಂದಾಗ ಕಾರಿನೊಳಗೆ ಬರೀ ವೈರು. ನೂರು ಮಂದಿಗೆ ಬಡಿಸಬಹುದಾದಷ್ಟು ಶಾವಿಗೆ.

ಅದರ ನಡುವಿನಿಂದ ಇಮಾಮಸಾಬ ಕಾಯಿಲನ್ನು ಹೊರಗೆಳೆದ. ಶಾಲೆಯ ಪಾಟಿಯಷ್ಟು ದೊಡ್ಡದು, ಒಂದು ಮೂಲೆ ಹಸಿರು ತುಕ್ಕು ತಿಂದು ತೂತಾಗಿತ್ತು. ಬೋರಲು ಹಾಕಿ ತಟ್ಟಿದ. ಒಳಗಿಂದ ಹಳದಿ ಕೆಸರು ಬಿತ್ತು.

"ಯಾ ಅಲ್ಲಾ, ಇದೇನಿದು?"

ಶಾಹಜಾನಬಿ ಬೆರಳಲ್ಲಿ ತಿಕ್ಕಿ ನೋಡಿದಳು. "ಅಕ್ಕಾ, ಇದು ಅರಿಷಿಣ ಅಲ್ಲೇನ್ರಿ?"

ರಾಚವ್ವನೂ ತಿಕ್ಕಿದಳು. ತಾನೇ ಕುಟ್ಟಿದ ಅರಿಷಿಣವನ್ನು ಆಕೆ ಕಣ್ಣು ಕಟ್ಟಿದರೂ ಗುರುತಿಸಬಲ್ಲಳು. ನಿಧಾನ ಕತ್ತು ತಿರುಗಿಸಿದಳು. ರೇಡಿಯೇಟರಿಗೆ ನೀರು ಹಾಕುವ ಕೆಲಸ ನಿಜಗುಣಪ್ಪನದು.

"ನೀರು ಕಡಿಮಿ ಆಗಾಕ ಹತ್ತಿತ್ತು," ಎಂದ ಆತ. "ಲಾರಿಯವರು ಹೇಳಿದ್ರು, ರೇಡಿಯೇಟರ್ ಸೋರಿದ್ರ ಒಂದ ಮುಷ್ಟಿ ಅರಿಷಿಣ ಹಾಕ್ರಿ, ತೂತ ಮುಚ್ಚತೈತಿ ಅಂತ. ನಿನಗ ಹೇಳಿದ್ರ ಸಿಟ್ಟಿಗೇಳತಿ ಅಂತ..."

"ಒಂದ ಮುಷ್ಟಿ?"

"ಒಂದರಾಗ ನಿಲ್ಲಲಿಲ್ಲ."

"ಡಬ್ಬ್ಯಾಗಿನ ಅರಿಷಿಣ ಇಲಿ ತಿಂತಾವು ಅಂದಿದ್ರಲ್ರಿ! ಇಲಿ ಹಿಡ್ಯಾಕ ನಾ ಬೋನ ತಂದು ಇಟ್ಟೇನಲ್ರಿ! ಆ ಇಲಿ ನನ್ನ ಮಗ್ಗಲದಾಗ ಕುಂತು ರಾಮದುರ್ಗಕ್ಕ ಬರಾಕ ಹತ್ತಿತ್ತೇನ್ರಿ?"

ಎಷ್ಟು ಸಿಟ್ಟಿದ್ದರೂ 'ರಿ' ಬಿಡಲಿಲ್ಲ ರಾಚವ್ವ. ಆದರೆ ಒಂದೊಂದು 'ರಿ' ಒಂದೊಂದು ಪೆಟ್ಟಿನಂತಿತ್ತು. ನಿಜಗುಣಪ್ಪನಿಗೆ ಶಿಕ್ಷೆಯೂ ಅಲ್ಲೇ ಆಯಿತು, ಇಂಜಿನ್ನಿನೊಳಗಿನ ಅರಿಷಿಣ ಪೂರ್ತಿ ಹೋಗುವವರೆಗೆ ಕೊಡ ಕೊಡ ನೀರು ಹೊತ್ತು ಹಾಕಬೇಕು. ಗಟಾರದಲ್ಲಿ ಹರಿದ ಹಳದಿ ನೀರು ನೋಡಿ ಓಣಿಯವರು ಯಾರ ಮನೆಯಲ್ಲಿ ಮದುವೆ ಎಂದು ಕೇಳುತ್ತ ಬಂದರು.

ಹೊಸ ಕಾಯಿಲ್ ಎಲ್ಲಿಯೂ ಸಿಗಲಿಲ್ಲ. ಅಷ್ಟು ಹಳೆಯ ಕಾರಿನ ಸಾಮಾನು ಅಂಗಡಿಯವರು ಇಡುವುದಿಲ್ಲ. ಇಮಾಮಸಾಬ ಬೈಕ್ ಹತ್ತಿ ಕಿತ್ತೂರಿಗೆ ಹೋದ. ಅಲ್ಲಿ ಹೈವೇ ಮಗ್ಗುಲಿನ ಗುಜರಿಯಲ್ಲಿ ಇಂಥದೇ ಕಾರೊಂದು ಮುರಿಯಲು ಬಂದು ನಿಂತಿತ್ತು. ಮಧ್ಯಾಹ್ನ ವಾಪಸ್ ಬಂದವನು ಗಡ್ಡದೊಳಗೇ ನಗುತ್ತಿದ್ದ.

"ಅಕ್ಕಾರ, ನಸೀಬ್ ನೋಡ್ರಿ. ಆ ಕಾರಿನ ಪೈಪ್ ನಾನs ಬೈಪಾಸ್ ಮಾಡಿದ್ದು, ಭಾಳ ವರ್ಷದ ಹಿಂದ. ಅದರದು ಪೈಪಷ್ಟs ಸೋರತಿತ್ತು, ಕಾಯಿಲಿಗೆ ಏನೂ ಆಗಿದ್ದಿಲ್ಲ. ಅವತ್ತಿಂದ ಒಂದ ಹನಿ ನೀರು ಮುಟ್ಟಿಲ್ಲ. ಹೊಸಾದರಂಗ ಐತಿ!"

"ಅಂದ್ರ ಛಲೋ ಕಾಯಿಲಿನ ಬಾಯೂ ಕಟ್ಟೀದಿ ಅಂದಂಗಾತು."

ನಗು ಗಡ್ಡದೊಳಗೇ ಉಳಿಯಿತು. ಕಾಯಿಲಿನ ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಗಾಳಿ ತುಂಬಿ, ಬಕೀಟಿನ ನೀರಿನಲ್ಲಿ ಮುಳುಗಿಸಿದರು. ತೂತಿದ್ದರೆ ಗುಳ್ಳೆ ಏಳಬೇಕು. ರಾಚವ್ವ ಬಕೀಟಿನ ಮೇಲೆ ಬಗ್ಗಿ, ಒಂದು ರೊಟ್ಟಿ ಬೇಯುವಷ್ಟು ಹೊತ್ತು ರೆಪ್ಪೆ ಬಡಿಯದೆ ನೋಡಿದಳು. ಗುಳ್ಳೆ ಏಳಲಿಲ್ಲ. ಏಳುವ ಧೈರ್ಯ ಅದಕ್ಕೂ ಇರಲಿಲ್ಲ.

ಭಾನುವಾರ ಪೂರ್ತಿ ಜೋಡಿಸುವ ಕೆಲಸ. ಮೊದಲ ಸಲ ಹಾರ್ನ್ ಒತ್ತಿದರೆ ವೈಪರ್ ಆಡಿತು, ವೈಪರ್ ಹಾಕಿದರೆ ಹಿಂದಿನ ದೀಪ ಹತ್ತಿತು. ಅದನ್ನು ಸರಿಮಾಡುವಷ್ಟರಲ್ಲಿ ಇಮಾಮಸಾಬನ ಗಡ್ಡದಲ್ಲಿ ನಾಲ್ಕು ಕೂದಲು ಹೆಚ್ಚು ಬೆಳ್ಳಗಾದವು. ಕೊನೆಗೆ ಒಂದು ಹಿಡಿ ಸ್ಕ್ರೂ ಉಳಿದವು.

"ಇವು ಕಂಪನಿಯವರು ಸುಮ್ಮ ಹೆಚ್ಚಿಗಿ ಹಾಕಿರತಾರ್ರಿ," ಎಂದ.

"ಹಂಗಾರ ಮತ್ತ ಬಿಚ್ಚು."

ಬಿಚ್ಚಿದ. ಬಯ್ಯುತ್ತ ಬಿಚ್ಚಿದ, ಬಯ್ಯುತ್ತ ಕೂಡಿಸಿದ. ಕಾರನ್ನು, ಕಂಪನಿಯನ್ನು, ಜೋಳವನ್ನು, ಮಳೆಯನ್ನು, ತನಗೆ ಈ ಕೆಲಸ ಕಲಿಸಿದ ಉಸ್ತಾದರನ್ನು, ಎಲ್ಲರನ್ನೂ ಬಯ್ದ. ರಾಚವ್ವನನ್ನು ಮಾತ್ರ ಬಯ್ಯಲಿಲ್ಲ. ಆಕೆ ಎದುರಿಗೇ ಇದ್ದಳು. ಉಳಿದ ಸ್ಕ್ರೂಗಳಿಗೆಲ್ಲ ತೂತು ಸಿಕ್ಕವು.

ಸೋಮವಾರ ಬೆಳಗ್ಗೆ ಬುಟ್ಟಿ ಹೇರಿದ ಕಾರು ಗ್ಯಾರೇಜಿನ ಮುಂದೆ ನಿಂತಿತು.

"ಹತ್ತು," ಎಂದಳು ರಾಚವ್ವ.

"ನಾ ಯಾಕ್ರಿ?"

"ದಾರ್ಯಾಗ ಸೋರಿದ್ರ ಅಲ್ಲೇ ಬಿಚ್ಚಾಕ."

ಇಮಾಮಸಾಬ ಹಿಂದಿನ ಸೀಟಿನಲ್ಲಿ ಎರಡು ಬುಟ್ಟಿಗಳ ನಡುವೆ ತುರುಕಿಕೊಂಡ. ಊರು ದಾಟುವ ಮೊದಲೇ ಬಿಸಿ ಗಾಳಿ ಶುರುವಾಯಿತು. ಸವದತ್ತಿಗೆ ಬಂದಾಗ ಹೊರಗೆ ಮಳೆ ಜಡಿಯುತ್ತಿತ್ತು, ಒಳಗೆ ಒಲೆ. ಇಮಾಮಸಾಬನ ಬೆವರು ಮೊದಲು ಟೊಪ್ಪಿಗೆಯಿಂದ, ಆಮೇಲೆ ಗಡ್ಡದಿಂದ, ಆಮೇಲೆ ಎಲ್ಲಿಂದ ಎಂಬ ಲೆಕ್ಕವಿಲ್ಲದೆ ಇಳಿಯಿತು.

"ಅಕ್ಕಾರ, ಒಂದ ಬಟ್ಟಿನಷ್ಟರೆ ಗಾಜು ಇಳಸ್ರಿ."

"ಇಳಿಸಿದ್ರ ಆ ಬಟ್ಟು ಮುರೀತೇನಿ. ಹಸಿ ಗಾಳಿ ಒಳಗ ಬರತೈತಿ."

ರಾಚವ್ವನ ಹಣೆಯಿಂದಲೂ ಬೆವರು ಹರಿದು ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಆಗಾಗ ಎಡಗೈ ಚಾಚಿ ನಿಜಗುಣಪ್ಪನ ಕಾಲಡಿಯ ಮ್ಯಾಟ್ ಮುಟ್ಟಿ ನೋಡುತ್ತಿದ್ದಳು. ಒದ್ದೆಯಾಗಿದ್ದರೆ ಅದು ನಿಜಗುಣಪ್ಪನ ಬೆವರೋ ಕಾಯಿಲಿನ ನೀರೋ ಎಂದು ತಿಳಿಯಲು ಬೆರಳು ಮೂಸುತ್ತಿದ್ದಳು. ಸಿಹಿ ವಾಸನೆಯಿರಲಿಲ್ಲ.

ಖಾನಾವಳಿಯ ಕಟ್ಟೆಯ ಮೇಲೆ ಸುರೇಬಾನದ ಪಾಕೀಟುಗಳು ಆಗಲೇ ಬಂದು ಕೂತಿದ್ದವು. ಪರಸಪ್ಪ ಮೇಲಿನ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಬಲಗಿವಿಗೆ ಹಿಡಿದ.

ಕಟಕ್.

ಆತನಿಗೆ ನಂಬಿಕೆ ಬರಲಿಲ್ಲ. ಕೆಳಗಿನ ಬುಟ್ಟಿಯ ತಳಕ್ಕೆ ಕೈ ಹಾಕಿ ಇನ್ನೊಂದು ಎಳೆದ, ಮೂಸಿದ, ಮುರಿದ. ಕಟಕ್! ಈ ಸಲ ಮಂದಗಿವಿಗೂ ಕೇಳಿಸಿತು. ಮೂಲೆಯಲ್ಲಿ ಉಣ್ಣುತ್ತಿದ್ದವನೊಬ್ಬ ಬೆಚ್ಚಿ ತಾಟು ಹಿಡಿದುಕೊಂಡ.

"ಇಳಸ್ರಿ," ಎಂದ ಪರಸಪ್ಪ.

ರಾಚವ್ವ ಬುಟ್ಟಿಯ ಮೇಲಿನ ಕೈ ತೆಗೆಯಲಿಲ್ಲ. "ಮೊದಲ ಅವನ್ನ ಇಳಸು."

"ಯಾವನ್ನ್ರಿ?"

ಆಕೆ ಪಾಕೀಟುಗಳ ಕಡೆ ನೋಡಿದಳು. ಆಮೇಲೆ ಪರಸಪ್ಪನ ಕಡೆ ನೋಡಿದಳು. ಪರಸಪ್ಪ ಪಾಕೀಟುಗಳನ್ನು ಒಂದೊಂದಾಗಿ ಇಳಿಸಿ ಹಿಂದಿನ ಕೋಣೆಗೆ ಒಯ್ದ. ಜಾಗ ಖಾಲಿಯಾದ ಮೇಲೆ ರಾಚವ್ವ ಸೆರಗಿನಿಂದ ಕಟ್ಟೆಯನ್ನು ಒರೆಸಿ, ತನ್ನ ಬುಟ್ಟಿಗಳನ್ನು ತಾನೇ ಎತ್ತಿಟ್ಟಳು. ಪರಸಪ್ಪ ಚಹಾ ತರಿಸಿದ. ಆಕೆ ಕುಡಿಯಲಿಲ್ಲ.

ಕಾರಿನ ಹತ್ತಿರ ಇಮಾಮಸಾಬ ಮಳೆಯಲ್ಲಿ ಮುಖ ಮೇಲೆತ್ತಿ, ಬಾಯಿ ತೆರೆದು ನಿಂತಿದ್ದ. ನಿಜಗುಣಪ್ಪ ಆತನ ಪಕ್ಕದಲ್ಲಿ ನಿಂತು ಶರ್ಟು ಹಿಂಡುತ್ತಿದ್ದ. ರಾಚವ್ವ ಬಂದು ಕೂತಳು, ಇಬ್ಬರೂ ಹತ್ತಿದರು, ಗಾಜು ಏರಿತು. ಇಂಜಿನ್ ಹತ್ತಿದ್ದೇ ತಡ, ಬಿಸಿ ಗಾಳಿ ಮತ್ತೆ ಮುಖಕ್ಕೆ ಬಡಿಯಿತು.

ನಿಜಗುಣಪ್ಪನ ಕೈ ಮೆಲ್ಲಗೆ ಬಟನ್ನಿನ ಕಡೆ ಸರಿಯಿತು. "ರೊಟ್ಟಿ ಇಳದಾವಲ್ಲ, ಇನ್ನ ಬಂದ್ ಮಾಡಲೇನು?"

ರಾಚವ್ವ ಗೇರ್ ಹಾಕಿದಳು.

"ಕೈ ತಗೀರಿ. ರೊಟ್ಟಿ ಒಣಗ್ಯಾವ. ನೀವಿಬ್ರು ಉಳದೀರಿ."